ಬೆನ್ನು ಹಸಿರಾದರೆ ಆಲೆನ್ ಎಂದು ಬರೆದುಬಿಡಬಹುದೇ?

ಎಲೆಮರೆ
ಮಾರ್ಚ್ ಎರಡನೆಯ ವಾರ, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ದಂಡೆ. ಮಂಜು ಸರಿಯುವ ಹೊತ್ತಿಗೆ ಒಂದು ಗಂಡು ಹಮ್ಮಿಂಗ್‌ಬರ್ಡ್ ಪೊದೆಯ ತುದಿಯ ಒಣಕಡ್ಡಿಯ ಮೇಲೆ ಬಂದು ಕುಳಿತಿತು. ತಲೆ ತಿರುಗಿಸಿದಾಗಲೆಲ್ಲ ಕೊರಳು ಕೆಂಡ. ಕೆನ್ನೆ, ಪಕ್ಕೆ, ಬಾಲ ಇಟ್ಟಿಗೆಗೆಂಪು. ಬೆನ್ನು ಮಾತ್ರ ಹೆಗಲಿನಿಂದ ಸೊಂಟದವರೆಗೆ ಹಸಿರು. ನಡುವೆ ನಾಲ್ಕಾರು ಕೆಂಪು ಚುಕ್ಕೆಗಳಿವೆ, ಅಷ್ಟೆ. ಟಿಪ್ಪಣಿ ಪುಸ್ತಕದಲ್ಲಿ ‘ಆಲೆನ್ ಹಮ್ಮಿಂಗ್‌ಬರ್ಡ್, ಗಂಡು’ ಎಂದು ಬರೆದೆ. ಜೊತೆಗಿದ್ದ ಗೆಳೆಯ ಇಣುಕಿ ನೋಡಿ, ‘ರೂಫಸ್ ಆಗಿರಬಾರದೇಕೆ?’ ಎಂದ. ಅಲ್ಲಿಂದ ಮನೆಯವರೆಗೆ ಜಗಳ. ಹತ್ತಿರದಿಂದ ತೆಗೆದ ನಾಲ್ಕು ಚಿತ್ರಗಳಿವೆ. ಬೆನ್ನು ಸ್ಪಷ್ಟವಾಗಿದೆ, ಬಾಲ ಮಡಿಸಿಕೊಂಡಿದೆ. ನೀವು ಏನೆಂದು ಬರೆಯುತ್ತಿದ್ದಿರಿ?

ಮುಂಗೋಪಿ
ಆಲೆನ್. ಇದರಲ್ಲಿ ಚರ್ಚೆಗೇನಿದೆ? ಕೆಂಪು ಬೆನ್ನಿನದು ರೂಫಸ್, ಹಸಿರು ಬೆನ್ನಿನದು ಆಲೆನ್. ರೂಫಸ್ ಎಂಬ ಲ್ಯಾಟಿನ್ ಪದದ ಅರ್ಥವೇ ಕೆಂಪು. ಹೆಸರೇ ಕೂಗಿ ಹೇಳುತ್ತಿರುವಾಗ ಗೆಳೆಯನ ಮಾತು ಏಕೆ ಕೇಳಬೇಕು?

ಗರಿಗಣಿತ
ಗೆಳೆಯನ ಮಾತನ್ನು ಕೇಳಲೇಬೇಕು. ಈ ಸೂತ್ರ ಒಂದೇ ದಿಕ್ಕಿಗೆ ಓಡುತ್ತದೆ, ತಿರುಗಿ ಬರುವುದಿಲ್ಲ. ಬೆನ್ನು ಪೂರ್ತಿ ಇಟ್ಟಿಗೆಗೆಂಪಾಗಿದ್ದರೆ ಅದು ರೂಫಸ್ ಎನ್ನಬಹುದು. ಅಂತಹ ಬೆನ್ನಿನ ಆಲೆನ್ ಇರುವುದಿಲ್ಲ. ಆದರೆ ಬೆನ್ನು ಹಸಿರಾಗಿದ್ದರೆ ಅದು ಆಲೆನ್ ಎಂದು ತೀರ್ಮಾನವಾಗುವುದಿಲ್ಲ. ರೂಫಸ್ ಗಂಡುಗಳ ಬೆನ್ನಿನಲ್ಲಿ ಹಸಿರು ಚುಕ್ಕೆಗಳಿರುವುದು ತೀರಾ ಸಾಮಾನ್ಯ. ಕೆಲವದರಲ್ಲಿ ಆ ಚುಕ್ಕೆಗಳು ಹಬ್ಬಿ ಬೆನ್ನಿನ ಅರ್ಧಕ್ಕೂ ಹೆಚ್ಚು ಭಾಗ ಆವರಿಸುತ್ತವೆ. ನೂರಕ್ಕೆ ಕೆಲವೇ ಇರಬಹುದು, ಆದರೆ ಇವೆ. ಎಲೆಮರೆಯವರ ಹಕ್ಕಿಯ ಬೆನ್ನಿನ ಮೇಲಿನ ‘ನಾಲ್ಕಾರು ಕೆಂಪು ಚುಕ್ಕೆಗಳು’ ನನ್ನ ಕಣ್ಣಿಗೆ ಸಣ್ಣ ಮುಳ್ಳಿನಂತೆ ಚುಚ್ಚುತ್ತಿವೆ.

ಮುಂಗೋಪಿ
ನೂರಕ್ಕೆ ಕೆಲವು ಎಂದ ಮೇಲೆ ಉಳಿದ ತೊಂಬತ್ತರ ಮೇಲಿನ ಸಂಭವ ನನ್ನದೇ ಅಲ್ಲವೇ? ಪಣ ಕಟ್ಟುವವನು ಅಪರೂಪದ ಮೇಲೆ ಕಟ್ಟುವುದಿಲ್ಲ.

ದುರ್ಬೀನು
ಲೆಕ್ಕ ಅಷ್ಟು ಸರಳವಲ್ಲ. ಅಲ್ಲಿ, ಆ ವಾರ, ಯಾವ ಹಕ್ಕಿ ಎಷ್ಟಿದೆ ಎನ್ನುವುದನ್ನೂ ನೋಡಬೇಕು. ಆಲೆನ್ ಬಹಳ ಆತುರದ ಹಕ್ಕಿ. ಮೆಕ್ಸಿಕೋದಲ್ಲಿ ಚಳಿಗಾಲ ಕಳೆದು, ಕ್ಯಾಲಿಫೋರ್ನಿಯಾ ಕರಾವಳಿಗೆ ಜನವರಿಯಿಂದಲೇ ಬರತೊಡಗುತ್ತದೆ. ಮಾರ್ಚ್ ಹೊತ್ತಿಗೆ ಗಂಡುಗಳು ತಮ್ಮ ತಮ್ಮ ಪೊದೆಗಳನ್ನು ಹಂಚಿಕೊಂಡು ಕುಳಿತಿರುತ್ತವೆ. ಅದೇ ಮಾರ್ಚ್‌ನಲ್ಲಿ ರೂಫಸ್‌ಗಳು ಅದೇ ಕರಾವಳಿಯ ಮೇಲೆ ಉತ್ತರಕ್ಕೆ ಸಾಗುತ್ತಿರುತ್ತವೆ. ಅವುಗಳಿಗೆ ಮಾಂಟೆರೆ ಒಂದು ನಿಲ್ದಾಣ ಮಾತ್ರ. ಹೋಗಬೇಕಾದದ್ದು ಆರೆಗನ್, ವಾಷಿಂಗ್ಟನ್, ಬ್ರಿಟಿಷ್ ಕೊಲಂಬಿಯಾ, ಕೆಲವಕ್ಕೆ ಅಲಾಸ್ಕಾದ ದಕ್ಷಿಣ ಭಾಗ. ಎರಡೂ ಒಂದೇ ಹೂವಿಗೆ ಕಚ್ಚಾಡುವ ತಿಂಗಳು ಇದು. ಜುಲೈನಲ್ಲಿ ರಾಕಿ ಪರ್ವತದ ಮೇಲೆ ಇಂತಹ ಹಕ್ಕಿ ಕಂಡಿದ್ದರೆ ನಾನು ಯೋಚನೆಯೇ ಮಾಡದೆ ರೂಫಸ್ ಎನ್ನುತ್ತಿದ್ದೆ. ಲಾಸ್ ಏಂಜಲೀಸ್ ನಗರದ ನಡುವೆ ಡಿಸೆಂಬರ್‌ನಲ್ಲಿ ಕಂಡಿದ್ದರೆ ಬಹುಪಾಲು ಆಲೆನ್. ಎಲೆಮರೆಯವರು ಮಾತ್ರ ಹುಡುಕಿ ಹುಡುಕಿ ಅತ್ಯಂತ ಕಷ್ಟದ ಜಾಗಕ್ಕೆ, ಅತ್ಯಂತ ಕಷ್ಟದ ವಾರದಲ್ಲಿ ಹೋಗಿದ್ದಾರೆ.

ಹೊಸಬ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಕೊರಳಿನ ಬಣ್ಣ ನೋಡಿ ಹೇಳಲು ಆಗುವುದಿಲ್ಲವೇ? ಒಂದು ಚಿತ್ರದಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಕಪ್ಪು. ಇನ್ನೊಂದು ದಡ್ಡ ಪ್ರಶ್ನೆ: ಇವು ಸೂರಕ್ಕಿಯ ನೆಂಟರೇ?

ಗರಿಗಣಿತ
ಎರಡನೆಯದಕ್ಕೆ ಮೊದಲು ಉತ್ತರ: ನೆಂಟರಲ್ಲ. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳ ಹಕ್ಕಿಗಳು, ಬಾನಾಡಿಗಳ (ಇಂಗ್ಲಿಷಿನ ಸ್ವಿಫ್ಟ್) ಗುಂಪಿಗೆ ಹತ್ತಿರ. ಸೂರಕ್ಕಿ ಗುಬ್ಬಿ, ಕಾಗೆಗಳಿರುವ ದೊಡ್ಡ ಬಳಗದ್ದು. ಮಕರಂದದ ರುಚಿ ಎರಡನ್ನೂ ಒಂದೇ ರೂಪಕ್ಕೆ ತಂದಿದೆ.

ಕೊರಳಿನ ಬಣ್ಣ ಇಲ್ಲಿ ನೆರವಿಗೆ ಬರುವುದಿಲ್ಲ. ಎರಡೂ ಪ್ರಭೇದಗಳ ಗಂಡುಗಳಿಗೆ ಒಂದೇ ಬಗೆಯ ಕಿತ್ತಳೆಗೆಂಪು ಕೊರಳು. ಅದು ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯೊಳಗಿನ ಅತಿಸೂಕ್ಷ್ಮ ಪದರಗಳು ಬೆಳಕನ್ನು ಹಿಂದಕ್ಕೆ ಎಸೆಯುವ ರೀತಿಯಿಂದ ಬರುತ್ತದೆ. ಕೋನ ಸ್ವಲ್ಪ ತಪ್ಪಿದರೆ ಕೆಂಡ ಇದ್ದಿಲಾಗುತ್ತದೆ. ಬೆನ್ನಿನ ಹಸಿರೂ ಇದೇ ಜಾತಿಯ ಬಣ್ಣ. ಇಟ್ಟಿಗೆಗೆಂಪು ಮಾತ್ರ ನಿಜವಾದ ವರ್ಣದ್ರವ್ಯ, ಯಾವ ಕಡೆಯಿಂದ ನೋಡಿದರೂ ಕೆಂಪೇ. ಇದರಿಂದಲೇ ಮೋಡದ ದಿನ ಹಸಿರು ಚುಕ್ಕೆಗಳಿರುವ ರೂಫಸ್ ಬೆನ್ನು ಕೊಳೆಯಾದ ಕಂದಿನಂತೆಯೂ, ಬಿಸಿಲು ಬಿದ್ದಾಗ ಹಸಿರಿನಂತೆಯೂ ಕಾಣುತ್ತದೆ. ಒಂದೇ ಹಕ್ಕಿಯನ್ನು ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಎಂದು ಬರೆದುಕೊಂಡವರನ್ನು ಕಂಡಿದ್ದೇನೆ. ಒಮ್ಮೆ ನಾನೇ ಬರೆದಿದ್ದೇನೆ.

ಎಲೆಮರೆ
ಹಾಗಾದರೆ ಏನು ನೋಡಬೇಕಿತ್ತು?

ಗರಿಗಣಿತ
ಬಾಲ. ಈ ಎರಡು ಹಕ್ಕಿಗಳ ಆಧಾರ್ ಚೀಟಿ ಇರುವುದು ಅಲ್ಲಿ.

ಬಾಲದಲ್ಲಿ ಒಟ್ಟು ಹತ್ತು ಗರಿಗಳು, ಒಂದೊಂದು ಬದಿಗೆ ಐದು. ನಡುವಿನಿಂದ ಹೊರಕ್ಕೆ ಒಂದು, ಎರಡು ಎಂದು ಎಣಿಸಿಕೊಂಡು ಹೋಗುವುದು ರೂಢಿ. ವಯಸ್ಕ ಗಂಡು ರೂಫಸ್‌ನಲ್ಲಿ ಎರಡನೆಯ ಗರಿಯ ತುದಿಯ ಬಳಿ, ಒಳ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ, ಯಾರೋ ಹಲ್ಲಿನಿಂದ ಕಚ್ಚಿ ಬಿಟ್ಟ ಹಾಗೆ. ಆಲೆನ್‌ನಲ್ಲಿ ಆ ಗರಿ ಕಚ್ಚಿಲ್ಲದೆ ನಯವಾಗಿ ಮೊನಚಾಗುತ್ತದೆ. ಹೊರತುದಿಯ ಐದನೆಯ ಗರಿಯನ್ನೂ ನೋಡಬೇಕು; ಆಲೆನ್‌ನಲ್ಲಿ ಅದು ದಬ್ಬಣದಷ್ಟು ಕಿರಿದು, ರೂಫಸ್‌ನಲ್ಲಿ ತುಸು ಅಗಲ. ಈ ಗರಿಗಳನ್ನು ಅಳೆದು ವಯಸ್ಸು, ಲಿಂಗ ಗುರುತಿಸುವ ಕ್ರಮವನ್ನು ಸ್ಟೈಲ್ಸ್ ಎಂಬ ಪಕ್ಷಿವಿಜ್ಞಾನಿ 1972ರಲ್ಲಿ ಪ್ರಕಟಿಸಿದರು. ಅಧ್ಯಯನಕ್ಕಾಗಿ ಹಕ್ಕಿಯ ಕಾಲಿಗೆ ಉಂಗುರ ತೊಡಿಸುವವರು ಅದನ್ನು ಕೈಯಲ್ಲಿ ಹಿಡಿದು ಬಾಲ ಬಿಡಿಸಿ ನೋಡುವುದು ಇಂತಹ ಗುರುತುಗಳಿಗಾಗಿಯೇ. ನಮ್ಮಂತಹವರಿಗೆ ಹಕ್ಕಿ ತಾನಾಗಿ ಬಾಲ ಬೀಸಣಿಗೆಯಂತೆ ಹರಡಿದ ಕ್ಷಣದ ಒಂದು ಚಿತ್ರ ಬೇಕು. ಇಲ್ಲವಾದರೆ ಇಲ್ಲ.

ಮುಂಗೋಪಿ
ಮೂರು ಗ್ರಾಂ ತೂಕದ ಹಕ್ಕಿಯ ಬಾಲದ ಎರಡನೆಯ ಗರಿಯ ಒಳ ಅಂಚಿನ ಕಚ್ಚು! ಇದು ಪಕ್ಷಿವೀಕ್ಷಣೆಯೋ, ಅಕ್ಕಸಾಲಿಕೆಯೋ?

ನೀಲಿಶಾಯಿ
ಮುಂಗೋಪಿಯವರ ಅಕ್ಕಸಾಲಿಕೆಯ ಮಾತಿನಲ್ಲಿ ಒಂದು ಗಂಭೀರ ಪ್ರಶ್ನೆ ಅಡಗಿದೆ. ಹೆಣ್ಣುಗಳನ್ನು ಹೊರಗೆ ನೋಡಿ ಗುರುತಿಸಲು ಯಾರಿಂದಲೂ ಆಗುವುದಿಲ್ಲ. ಮರಿಗಳದ್ದೂ ಅದೇ ಕಥೆ. ಗಂಡುಗಳನ್ನು ಗುರುತಿಸಲು ಒಂದು ಕಚ್ಚು ಹುಡುಕಬೇಕು. ಅದರ ಮೇಲೆ ಆರೆಗನ್‌ನ ದಕ್ಷಿಣ ಮತ್ತು ಕ್ಯಾಲಿಫೋರ್ನಿಯಾದ ಉತ್ತರದಲ್ಲಿ ಇವೆರಡೂ ಕೂಡಿ ಮರಿ ಮಾಡುತ್ತವೆ. ಅಲ್ಲೊಂದು ಸಂಕರ ವಲಯವೇ ಇದೆ ಎಂದು 2019ರಲ್ಲಿ ‘ದಿ ಆಕ್’ ಎಂಬ ಪಕ್ಷಿವಿಜ್ಞಾನ ಪತ್ರಿಕೆಯಲ್ಲಿ ವಿವರವಾಗಿ ಪ್ರಕಟವಾಗಿದೆ. ಹಾಗಿದ್ದ ಮೇಲೆ ಎರಡು ಹೆಸರು ಏಕೆ? ಒಂದೇ ಪ್ರಭೇದದ ಉತ್ತರದ ರೂಪ, ದಕ್ಷಿಣದ ರೂಪ ಎಂದರೆ ಯಾವ ಆಕಾಶ ಕಳಚಿ ಬೀಳುತ್ತದೆ?

ದುರ್ಬೀನು
ನಮಗೆ ಗುರುತಿಸಲು ಬರುವುದಿಲ್ಲ ಎನ್ನುವುದು ಹಕ್ಕಿಯ ದೋಷವಲ್ಲ. ಅವು ಪರಸ್ಪರ ಹೇಗೆ ಗುರುತಿಸುತ್ತವೆ ಎಂದು ಕೇಳಬೇಕು. ಪ್ರಣಯದ ಹಾರಾಟ ನೋಡಿದ್ದೀರಾ?

ಆಲೆನ್ ಗಂಡು ಹೆಣ್ಣಿನ ಮುಂದೆ ಮೊದಲು ಜೋಕಾಲಿ ಆಡುತ್ತದೆ. ಅತ್ತಿಂದಿತ್ತ, ಇತ್ತಿಂದತ್ತ, ಅಗಲವಾದ ಕಮಾನಿನಲ್ಲಿ ತೂಗುತ್ತದೆ. ಒಂದೊಂದು ತುದಿಯಲ್ಲೂ ಮೈ ಅದುರಿಸುತ್ತದೆ. ಹೀಗೆ ಹಲವು ಸಲ ತೂಗಿ, ಆಮೇಲೆ ನೇರ ಮೇಲಕ್ಕೇರಿ ಅಲ್ಲಿಂದ ಧುಮುಕುತ್ತದೆ. ರೂಫಸ್‌ಗೆ ಆ ಜೋಕಾಲಿಯ ಪೀಠಿಕೆ ಇಲ್ಲ. ಮೇಲೇರುತ್ತದೆ, ಕೊಕ್ಕೆಯ ಆಕಾರದಲ್ಲಿ ಧುಮುಕುತ್ತದೆ, ತಳದಲ್ಲಿ ತೊದಲಿದಂತೆ ಒಂದು ತರತರ ದನಿ, ಮತ್ತೆ ಮೇಲೆ, ಮತ್ತೆ ಕೆಳಗೆ. ಒಂದು ಮಾತನಾಡಿ ರಮಿಸುವ ಪೈಕಿ, ಇನ್ನೊಂದು ನೇರ ಬಾಗಿಲು ಬಡಿಯುವ ಪೈಕಿ.

ಆ ದನಿ ಗಂಟಲಿನದಲ್ಲ. ಧುಮುಕುವ ವೇಗಕ್ಕೆ ಬಾಲದ ಗರಿಗಳೇ ಪತಾಕೆಯ ಅಂಚಿನಂತೆ ಕಂಪಿಸಿ ನಾದ ಹುಟ್ಟಿಸುತ್ತವೆ. ಕ್ಲಾರ್ಕ್ ಮತ್ತು ಸಂಗಡಿಗರು ಗರಿಗಳನ್ನು ಗಾಳಿಸುರಂಗದಲ್ಲಿಟ್ಟು ಇದನ್ನು ತೋರಿಸಿದರು. 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಗರಿಯ ಗಾತ್ರ, ಆಕಾರ, ಬಿಗಿತ ಬದಲಾದರೆ ದನಿಯೂ ಬದಲಾಗುತ್ತದೆ. ಆದ್ದರಿಂದ ಮುಂಗೋಪಿಯವರೇ, ಬಾಲದ ಗರಿಯ ಆಕಾರ ಅಕ್ಕಸಾಲಿಯ ಕುಸುರಿಯಲ್ಲ, ವಾದ್ಯದ ಕಟ್ಟಡ. ವೀಣೆಯೋ ಸಾರಂಗಿಯೋ ಎಂದು ಮೆರುಗೆಣ್ಣೆಯ ಬಣ್ಣ ನೋಡಿ ಹೇಳುತ್ತೀರಾ?

ಮುಂಗೋಪಿ
ಉಪಮೆ ಚೆನ್ನಾಗಿದೆ. ಒಪ್ಪಿದೆ ಎಂದಲ್ಲ.

ನೀಲಿಶಾಯಿ
ಹಾರಾಟ ಬೇರೆ ಎನ್ನುತ್ತೀರಿ. ಆದರೆ ಸಂಕರ ವಲಯದಲ್ಲಿ ಹಾರಾಟವೂ ಬೆರಕೆಯಾಗುತ್ತದೆ, ಅದೂ ಅದೇ ಅಧ್ಯಯನದಲ್ಲಿದೆ. ಹೆಣ್ಣುಗಳು ಒಪ್ಪದಿದ್ದರೆ ಮಿಶ್ರತಳಿ ಎಲ್ಲಿಂದ ಬಂತು?

ಗರಿಗಣಿತ
ಕೆಲವು ಹೆಣ್ಣುಗಳು ಒಪ್ಪಿವೆ, ಆ ಒಂದು ವಲಯದಲ್ಲಿ. ಎರಡು ಹೊಳೆಗಳು ಕೂಡುವ ಕಡೆ ನೀರು ಬೆರೆತಿದೆ ಎಂದ ಮಾತ್ರಕ್ಕೆ ಮೇಲ್ದಂಡೆಯಲ್ಲಿ ಅವು ಒಂದೇ ಹೊಳೆಯಾಗುವುದಿಲ್ಲ. ಅಲಾಸ್ಕಾದ ರೂಫಸ್ ರೂಫಸ್ ಆಗಿಯೇ ಉಳಿದಿದೆ, ಸಾಂತಾ ಬಾರ್ಬರಾದ ಆಲೆನ್ ಆಲೆನ್ ಆಗಿಯೇ ಉಳಿದಿದೆ. ಗೆರೆ ಇಲ್ಲ ಎನ್ನುವುದಕ್ಕೂ ಗೆರೆ ಮಸುಕಾಗಿದೆ ಎನ್ನುವುದಕ್ಕೂ ವ್ಯತ್ಯಾಸವಿದೆ. ಆದರೂ ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ನಾಳೆ ಯಾರಾದರೂ ಇವನ್ನು ಒಂದಾಗಿಸಿದರೆ ನಾನು ಅತ್ತು ಕರೆಯುವುದಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು ಕಡಿಮೆಯಾಗುತ್ತದೆ.

ಹೆಸರಿನ ಗೊಂದಲ ಇನ್ನೂ ಹಳೆಯದು. ರೂಫಸ್‌ಗೆ ಗ್ಮೆಲಿನ್ 1788ರಲ್ಲಿ ವೈಜ್ಞಾನಿಕ ಹೆಸರಿಟ್ಟ. ಇನ್ನೊಂದಕ್ಕೆ 1829ರಲ್ಲಿ ಲೆಸನ್ ‘ಸಾಸಿನ್’ ಎಂದು ಹೆಸರು ಕೊಟ್ಟ. ಅದು ಕೆನಡಾದ ಪಶ್ಚಿಮ ತೀರದ ನೂಟ್ಕಾ ಸೌಂಡ್‌ನ ಜನರ ಭಾಷೆಯಲ್ಲಿ ಹಮ್ಮಿಂಗ್‌ಬರ್ಡ್ ಎಂಬ ಅರ್ಥದ ಪದ. ತಮಾಷೆಯೆಂದರೆ ಆ ಊರಿನ ಹಕ್ಕಿ ರೂಫಸ್! ಅಂದರೆ ರೂಫಸ್‌ನ ಊರ ಹೆಸರು ಆಲೆನ್‌ಗೆ ಸಿಕ್ಕಿತು. ಮುಂದೆ 1877ರಲ್ಲಿ ಹೆನ್‌ಶಾ, ಸಂಗ್ರಾಹಕ ಚಾರ್ಲ್ಸ್ ಆಲೆನ್ ಗೌರವಾರ್ಥ ಹಸಿರು ಬೆನ್ನಿನದಕ್ಕೆ ‘ಆಲೆನಿ’ ಎಂದು ಹೆಸರಿಟ್ಟ. ಹಳೆಯ ಹೆಸರಿಗೇ ಮನ್ನಣೆ ಎಂಬ ನಿಯಮದಿಂದ ಅದು ಬಿದ್ದುಹೋಗಿ ಇಂಗ್ಲಿಷ್ ಹೆಸರಿನಲ್ಲಿ ಮಾತ್ರ ಉಳಿದುಕೊಂಡಿತು. ವಿದ್ವಾಂಸರೇ ಇಷ್ಟು ಅದಲುಬದಲು ಮಾಡಿದ್ದಾರೆ ಎಂದ ಮೇಲೆ ಎಲೆಮರೆಯವರ ಗೆಳೆಯನ ಮೇಲೆ ಸಿಟ್ಟು ಬೇಡ.

ಹೊಸಬ
ಗೆಳೆಯನ ಪರವಾಗಿ ಧನ್ಯವಾದ (ಆ ಗೆಳೆಯ ನಾನೇ). ಎರಡರಲ್ಲಿ ಹೆಚ್ಚು ಗಟ್ಟಿ ಹಕ್ಕಿ ಯಾವುದು?

ದುರ್ಬೀನು
ಓಹೋ, ಕಳ್ಳ ಇಲ್ಲೇ ಇದ್ದಾನೆ!

ಗಟ್ಟಿತನದಲ್ಲಿ ರೂಫಸ್‌ಗೆ ಎದುರಿಲ್ಲ. ಹಮ್ಮಿಂಗ್‌ಬರ್ಡ್‌ಗಳಲ್ಲೇ ಎಲ್ಲಕ್ಕಿಂತ ಉತ್ತರದಲ್ಲಿ ಗೂಡು ಕಟ್ಟುವುದು ಅದು. ಅಲಾಸ್ಕಾದಿಂದ ಮೆಕ್ಸಿಕೋಗೆ ಒಂದು ಕಡೆಗೆ ಸುಮಾರು 6,200 ಕಿಲೋಮೀಟರ್. ದೇಹದ ಉದ್ದ ಒಂದು ಬೆರಳಿನಷ್ಟು. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ: ವಸಂತದಲ್ಲಿ ಪೆಸಿಫಿಕ್ ಕರಾವಳಿ, ಬೇಸಿಗೆಯ ಕೊನೆಗೆ ಪರ್ವತಗಳ ಮೇಲಿನ ಹೂವಿನ ಬಯಲು. ದಾರಿಯಲ್ಲಿ ಹೂವಿನ ಒಂದು ತುಂಡು ಜಾಗವನ್ನು ಹಿಡಿದು, ಬಂದವರನ್ನೆಲ್ಲ ಓಡಿಸಿ, ಕೊಬ್ಬು ತುಂಬಿಕೊಂಡು ಮುಂದಕ್ಕೆ ಹೊರಡುತ್ತದೆ. ಸಿಯೆರಾ ನೆವಾಡಾದಲ್ಲಿ ಕಾರ್ಪೆಂಟರ್ ಮತ್ತು ಜೊತೆಗಾರರು ಈ ಹಕ್ಕಿಗಳ ದಿನದಿನದ ತೂಕವನ್ನು ಗಮನಿಸಿದರು. ತೂಕ ಬೇಗ ಏರುವ ಹಾಗೆ ತಮ್ಮ ಜಾಗವನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ ಎಂದು 1983ರಲ್ಲಿ ಬರೆದರು. ಕಾಯಲಾಗದಷ್ಟು ದೊಡ್ಡ ಹೊಲ ಇಟ್ಟುಕೊಳ್ಳುವ ಮೂರ್ಖತನ ಅದಕ್ಕಿಲ್ಲ.

ನೆನಪಿನ ಶಕ್ತಿಯಂತೂ ಕೇಳಲೇಬೇಡಿ. ಕೆನಡಾದ ರಾಕಿ ಪರ್ವತದಲ್ಲಿ ಹೀಲಿ, ಹರ್ಲಿ ಮತ್ತಿತರರು ಎಂಟು ಕೃತಕ ಹೂಗಳನ್ನಿಟ್ಟು, ನಾಲ್ಕನ್ನು ಖಾಲಿಯಾದ ಹತ್ತು ನಿಮಿಷಕ್ಕೆ, ನಾಲ್ಕನ್ನು ಇಪ್ಪತ್ತು ನಿಮಿಷಕ್ಕೆ ಮತ್ತೆ ತುಂಬಿಸುತ್ತ ಬಂದರು. ಯಾವ ಹೂವು ಯಾವಾಗ ತುಂಬುತ್ತದೆ ಎಂದು ಕಲಿತು ಹಕ್ಕಿಗಳು ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಾಜರಾದವು. ಮಿದುಳು ಅಕ್ಕಿಕಾಳಿನಷ್ಟು.

ಮುಂಗೋಪಿ
ಊರೂರು ಅಲೆಯುವವನನ್ನು ಹೊಗಳಿದ್ದು ಸಾಕು. ಮನೆಯಲ್ಲಿದ್ದು ಬಾಳು ಕಟ್ಟಿಕೊಂಡವನ ಕಥೆಯನ್ನೂ ಕೇಳಿ. ಕ್ಯಾಲಿಫೋರ್ನಿಯಾದ ತೀರದಾಚೆ ಚಾನೆಲ್ ದ್ವೀಪಗಳಿವೆ. ಅಲ್ಲಿ ವಲಸೆ ಹೋಗದ ಆಲೆನ್‌ಗಳಿವೆ. ಮೈ, ಕೊಕ್ಕು ಎರಡೂ ತುಸು ದೊಡ್ಡವು. ಗ್ರಿನ್ನೆಲ್ 1929ರಲ್ಲಿ ಅವಕ್ಕೆ ‘ಸೆಡೆಂಟೇರಿಯಸ್’, ಅಂದರೆ ಕುಳಿತಲ್ಲೇ ಕುಳಿತಿರುವುದು, ಎಂಬ ಉಪಪ್ರಭೇದದ ಹೆಸರಿಟ್ಟ. ಕುಳಿತಲ್ಲೇ ಕುಳಿತಿತ್ತೇ? 1960ರ ದಶಕದಲ್ಲಿ ಕಡಲು ದಾಟಿ ಪಾಲೋಸ್ ವರ್ಡೆಸ್ ಪರ್ಯಾಯ ದ್ವೀಪದಲ್ಲಿ ಬಿಡಾರ ಹೂಡಿತು. ಅಲ್ಲಿಂದ ಲಾಸ್ ಏಂಜಲೀಸ್, ಆರೆಂಜ್ ಕೌಂಟಿ, ಇನ್ನೂ ದಕ್ಷಿಣಕ್ಕೆ ತೋಟದಿಂದ ತೋಟಕ್ಕೆ ಹರಡುತ್ತಲೇ ಇದೆ. ನಗರದಲ್ಲಿ ವರ್ಷವಿಡೀ ಹೂವು, ಫೀಡರುಗಳಲ್ಲಿ ಸಕ್ಕರೆ ನೀರು. ಬದಲಾದ ಊರಿಗೆ ಒಗ್ಗಿಕೊಳ್ಳುವುದೂ ಗಟ್ಟಿತನವೇ. ನಿಮ್ಮ ಮಹಾಯಾತ್ರಿಕ ರೂಫಸ್‌ನ ಗತಿ ನೋಡಿ. ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ 2018ರಿಂದ ‘ಅಪಾಯದ ಸಮೀಪ’ ವರ್ಗದಲ್ಲಿದೆ.

ದುರ್ಬೀನು
ಅದು ನಿಜ, ಬೇಸರದ ನಿಜ. ಉದ್ದದ ದಾರಿಯ ಹಕ್ಕಿಗೆ ಗೂಡಿನ ಕಾಡು, ತಂಗುವ ಬಯಲು, ಚಳಿಗಾಲದ ಮೆಕ್ಸಿಕೋ ಮೂರೂ ಚೆನ್ನಾಗಿರಬೇಕು. ಒಂದು ಕೊಂಡಿ ಸಡಿಲವಾದರೂ ಸರಪಳಿ ಜೋಲುತ್ತದೆ. ಪರ್ವತದ ಹೂವುಗಳು ಹಿಮ ಬೇಗ ಕರಗಿ ಮುಂಚೆಯೇ ಅರಳಿ ಮುಗಿದರೆ, ಆಗಸ್ಟ್‌ನಲ್ಲಿ ಬರುವವನಿಗೆ ಏನು ಉಳಿಯುತ್ತದೆ?

ಆದರೆ ನಗರದ ಆಲೆನ್‌ಗಳ ಏಳಿಗೆ ತೋರಿಸಿ ಇಡೀ ಪ್ರಭೇದ ಸುಖವಾಗಿದೆ ಎನ್ನಬೇಡಿ. ವಲಸೆ ಹೋಗುವ ಆಲೆನ್‌ಗಳು ಗೂಡು ಕಟ್ಟುವುದು ಕರಾವಳಿಯ ಕಿರಿದಾದ ಒಂದು ಪಟ್ಟಿಯಲ್ಲಿ. ನಕ್ಷೆಯ ಮೇಲೆ ಗೀಟು ಎಳೆದಷ್ಟೇ ಜಾಗ.

ಎಲೆಮರೆ
ನಿಮ್ಮ ಮಾತುಗಳನ್ನು ಓದಿ ಕ್ಯಾಮೆರಾದಲ್ಲಿದ್ದ ಕಸವನ್ನೆಲ್ಲ ಮತ್ತೆ ಜಾಲಾಡಿದೆ. ಒಂದೇ ಉಸಿರಿಗೆ ತೆಗೆದ ಅರವತ್ತಕ್ಕೂ ಹೆಚ್ಚು ಚಿತ್ರಗಳಿದ್ದವು. ಮುಖ ಮಸುಕಾದ್ದರಿಂದ ಎಲ್ಲವನ್ನೂ ಅಳಿಸುವವನಿದ್ದೆ. ಅವುಗಳಲ್ಲಿ ಒಂದರಲ್ಲಿ ಹಕ್ಕಿ ಮೈಮುರಿಯುತ್ತಿದೆ, ಎಡರೆಕ್ಕೆ ಚಾಚಿದೆ, ಬಾಲ ಪೂರ್ತಿ ಹರಡಿದೆ. ನಡುವಿನ ಗರಿಯ ಪಕ್ಕದ ಗರಿಯಲ್ಲಿ, ಒಳ ಅಂಚಿನಲ್ಲಿ, ತುದಿಗೆ ಹತ್ತಿರ ಒಂದು ತಗ್ಗು ಕಾಣುತ್ತಿದೆ. ಕಚ್ಚು ಎಂದರೆ ಇದೇ ಏನು? ಈಗ ಹಾಕಿದ್ದೇನೆ, ನೋಡಿ.

ಗರಿಗಣಿತ
ಎರಡೂ ಬದಿಯಲ್ಲಿದೆಯೇ? ಒಂದೇ ಬದಿಯಲ್ಲಿದ್ದರೆ ಗರಿ ಸವೆದು ಹರಿದಿರಬಹುದು.

ಎಲೆಮರೆ
ಎರಡೂ ಬದಿಯಲ್ಲಿ, ಒಂದೇ ಎತ್ತರದಲ್ಲಿ. ಹೊರಗಿನ ಗರಿ ದಬ್ಬಣದಂತಿಲ್ಲ. ಪುಟ್ಟ ಚಾಕುವಿನಂತಿದೆ.

ಗರಿಗಣಿತ
ನೋಡಿದೆ. ರೂಫಸ್. ಹಸಿರು ಬೆನ್ನಿನ ರೂಫಸ್ ಗಂಡು. ಈ ಚಿತ್ರವನ್ನು ಅಳಿಸಿದ್ದರೆ ನಾನು ನಿಮ್ಮೊಡನೆ ಮಾತು ಬಿಡುತ್ತಿದ್ದೆ.

ನೀಲಿಶಾಯಿ
ಮಿಶ್ರತಳಿಯಲ್ಲ ಎಂದು ಹೇಗೆ ಹೇಳುತ್ತೀರಿ? ಉತ್ತರಕ್ಕೆ ಹೊರಟ ಹಕ್ಕಿ ಸಂಕರ ವಲಯದ್ದೂ ಆಗಿರಬಹುದಲ್ಲ.

ಗರಿಗಣಿತ
ಎರಡು ಗುರುತುಗಳೂ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ, ಅರೆಬರೆ ಕಚ್ಚಲ್ಲ. ಅದರ ಅಜ್ಜಿಯ ಅಜ್ಜಿ ಯಾರೆಂದು ಚಿತ್ರ ನೋಡಿ ಹೇಳಲು ನನಗೆ ಬರುವುದಿಲ್ಲ. ನನ್ನ ಪುಸ್ತಕವಾಗಿದ್ದರೆ ರೂಫಸ್ ಎಂದೇ ಬರೆಯುತ್ತಿದ್ದೆ. ಈ ಚಿತ್ರ ಸಿಗದೇ ಹೋಗಿದ್ದರೆ ‘ರೂಫಸ್ ಅಥವಾ ಆಲೆನ್’ ಎಂದು ಬರೆದು ಮಲಗುತ್ತಿದ್ದೆ. ಪಕ್ಷಿವೀಕ್ಷಕರು ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಅದಕ್ಕೆಂದೇ ಒಂದು ಆಯ್ಕೆ ಇದೆ.

ಮುಂಗೋಪಿ
ಬೆನ್ನು ಹಸಿರಾಗಿಯೇ ಇದೆ ಎಂದು ದಾಖಲೆಗಾಗಿ ಹೇಳಿಡುತ್ತೇನೆ. ಆದರೆ ಕಚ್ಚು ನನಗೂ ಕಾಣುತ್ತಿದೆ. ಹಾಳಾಗಿ ಹೋಗಲಿ, ರೂಫಸ್.

ಹೊಸಬ
ಎಲೆಮರೆಯವರ ಟಿಪ್ಪಣಿ ಪುಸ್ತಕದಲ್ಲಿ ಅವರೇ ಹೊಡೆದು ತಿದ್ದುವುದನ್ನು ನಾನು ಎದುರಿಗೆ ಕುಳಿತು ನೋಡಬೇಕು.

ಎಲೆಮರೆ
ಪೆನ್ಸಿಲ್‌ನಲ್ಲಿ ಬರೆದಿದ್ದೆ, ಅಳಿಸಿಯಾಯಿತು. ಅದೇ ಪೊದೆಗೆ ಒಂದು ಹೆಣ್ಣೂ ಬಂದಿತ್ತು. ಹಸಿರು ಬೆನ್ನು, ಕೆಂಪು ಪಕ್ಕೆ, ಕೊರಳಲ್ಲಿ ನಾಲ್ಕು ಚುಕ್ಕೆ. ಅದರ ಚಿತ್ರಗಳೂ ಇವೆ. ಹಾಕಲೇ?

ಗರಿಗಣಿತ
ಬೇಡ.